ಎಂಟುನೂರಕ್ಕೆ ಸೆಟ್ ಇಲ್ಲ

ಅಪ್ಪ ತೀರಿಕೊಂಡ ಮೂರನೇ ದಿನ ಹಾಲು ತುಪ್ಪ ಬಿಟ್ಟು ಬಂದು, ಜಗಲಿಯಲ್ಲಿ ಕೂತು ಕೆಲಸ ಹಂಚಿಕೊಂಡೆವು. ತಮ್ಮನಿಗೆ ಅಡುಗೆಯವರು, ಶಾಮಿಯಾನ, ಶಾಸ್ತ್ರ ಮಾಡಿಸೋರು. ಚಿಕ್ಕಪ್ಪನಿಗೆ ಊರ ಕಡೆ ಹೇಳಿಕೆ. ನಾಲ್ಕು ಅಕ್ಷರ ಬರೀತಾಳೆ ಅಂತ ನನಗೆ ಸಿಕ್ಕಿದ್ದು ತಿಥಿ ಕಾರ್ಡು. "ಅದೇನು ಮಹಾ ಕೆಲಸ, ಪ್ರೆಸ್ಸಿನವನ ಹತ್ರ ಮ್ಯಾಟರ್ ರೆಡಿ ಇರುತ್ತೆ, ಹೆಸರು ತಾರೀಕು ಕೊಟ್ರೆ ಸಾಕು" ಅಂದರು ಚಿಕ್ಕಪ್ಪ.

ನಿಜವಾಗಲೂ ರೆಡಿ ಇತ್ತು. ಹಾಸನದಲ್ಲಿ ನಮ್ಮ ಮನೆ ಹತ್ತಿರದ ಆ ಅಂಗಡಿಯಲ್ಲಿ ಮದುವೆ, ಗೃಹಪ್ರವೇಶ, ನಾಮಕರಣ, ತಿಥಿ ಎಲ್ಲಾ ಒಂದೇ ಕಂಪ್ಯೂಟರಿನಲ್ಲಿ. ಡಿಟಿಪಿ ಹುಡುಗ ಒಂದು ಹಳೇ ಫೈಲ್ ತೆಗೆದ. ಯಾರೋ ಅಜ್ಜಿಯ ಹೆಸರಿತ್ತು. ಬ್ಯಾಕ್‌ಸ್ಪೇಸ್ ಒತ್ತಿ ಹಿಡಿದು ಅದನ್ನು ಅಳಿಸಿದ, ಆಮೇಲೆ ನನ್ನ ಮುಖ ನೋಡಿ "ಹೇಳಿ ಅಕ್ಕ" ಅಂದ. ಮಿಕ್ಕಿದ್ದೆಲ್ಲ ಮೊದಲೇ ಕೂತಿತ್ತು. ದೈವಾಧೀನರಾದ ಪ್ರಯುಕ್ತ, ಮೃತರ ಆತ್ಮಕ್ಕೆ ಚಿರಶಾಂತಿ ಕೋರಿ, ದುಃಖತಪ್ತರು, ಮೂಲೆಯಲ್ಲಿ ಒಂದು ದೀಪ. ನಾನು ಫೋನಿನಿಂದ ಅಪ್ಪನ ಫೋಟೋ ಕಳಿಸಿದೆ. ತೋಳಿಲ್ಲದ ಬನಿಯನ್ ಹಾಕ್ಕೊಂಡು ಹಿತ್ತಲಲ್ಲಿ ಕೂತಿರೋದು, ನಗ್ತಾ ಇರೋದು.

"ಸಾರ್‌ಗೆ ಕೋಟ್ ಹಾಕ್ಲಾ ಅಕ್ಕ? ನೇವಿ ಬ್ಲೂ ಇದೆ, ಕಪ್ಪು ಇದೆ, ಟೈ ಬೇಕಾದ್ರೂ ಹಾಕ್ಬೋದು."

ನಾನು ಹೂಂ ಅನ್ನೋ ಮೊದಲೇ ಹಾಕಿಬಿಟ್ಟಿದ್ದ. ಅಪ್ಪನ ಕತ್ತಿನ ಕೆಳಗೆ ಯಾರದೋ ದಪ್ಪ ಭುಜ. ಮುಖ ಅಪ್ಪನದು, ಆದರೆ ಆ ಭುಜದ ಮೇಲೆ ಅದು ಯಾರೋ ಎಂಎಲ್‌ಎ ಟಿಕೆಟ್ ಆಕಾಂಕ್ಷಿಯ ಹಾಗೆ ಕಾಣ್ತಿತ್ತು. ಮೂರು ದಿನದಿಂದ ಅತ್ತು ಅತ್ತು ಸಾಕಾಗಿದ್ದವಳಿಗೆ ಅಲ್ಲಿ ನಗು ಬಂತು. ಹುಡುಗ ಗಾಬರಿಯಾದ. "ಬೇಡಪ್ಪಾ, ಬನಿಯನ್ನೇ ಇರ್ಲಿ. ಅವರು ಓಟಗಾರರು" ಅಂದೆ. ಯಾಕೆ ಹಾಗಂದೆನೋ ಗೊತ್ತಿಲ್ಲ, ಆ ಹೊತ್ತಿಗೆ ಬಾಯಿಗೆ ಬಂದಿದ್ದು ಅದು. ಅವನು ತಕ್ಷಣ ಟೈಪ್ ಮಾಡೋಕೆ ತಯಾರಾದ. "ಹಾಗಾದ್ರೆ ಅದನ್ನೂ ಹಾಕೋಣ ಅಕ್ಕ, ಎರಡು ಲೈನ್ ಜಾಗ ಇದೆ. ಏನು ಓಟ? ಯಾವ ವರ್ಷ?"

ನನಗೆ ಗೊತ್ತಿರಲಿಲ್ಲ. ಮೂವತ್ತೊಂಬತ್ತು ವರ್ಷ ಆ ಮನುಷ್ಯನ ಮಗಳಾಗಿದ್ದೆ. ಎಂಟುನೂರು ಮೀಟರ್ ಅಂತ ಗೊತ್ತು. ಕಾಲೇಜಿನಲ್ಲಿ ಓಡ್ತಿದ್ದರು ಅಂತ ಗೊತ್ತು. ಎಷ್ಟನೇ ಸ್ಥಾನ, ಯಾವ ವರ್ಷ, ಎಲ್ಲಿ, ಉಹೂಂ. ನಾಳೆ ಬರ್ತೀನಿ ಅಂತ ಹೇಳಿ ಎದ್ದು ಬಂದೆ.

ಮನೆಗೆ ಬಂದು ಹೇಳಿದರೆ ಚಿಕ್ಕಪ್ಪ ಸರಾಗವಾಗಿ, "ರಾಷ್ಟ್ರಮಟ್ಟದ ಕ್ರೀಡಾಪಟು ಅಂತ ಹಾಕಿಸು, ಯಾರು ಬಂದು ಕೇಳ್ತಾರೆ" ಅಂದರು. ಅವರದ್ದೇನೂ ತಪ್ಪಿಲ್ಲ, ಸತ್ತವರ ವಿಷಯದಲ್ಲಿ ನಮ್ಮ ಕಡೆ ಎಲ್ಲರೂ ಒಂದು ಮೆಟ್ಟಿಲು ಮೇಲೆ ಹತ್ತಿಸಿಯೇ ಬರೆಸೋದು. ಆದರೆ ಅಪ್ಪನಿಗೆ ಈ ವಿಷಯದಲ್ಲಿ ಮಾತ್ರ ಹುಚ್ಚು. ಅವರು 1980ರಲ್ಲಿ ಕೆಇಬಿಗೆ, ಅಂದರೆ ಆಗಿನ ವಿದ್ಯುತ್ ಮಂಡಳಿಗೆ, ಗುಮಾಸ್ತರಾಗಿ ಸೇರಿದವರು. ಆ ಒಂದು ಕೆಲಸದಲ್ಲಿದ್ದುಕೊಂಡೇ 1999ರಲ್ಲಿ ಕೆಪಿಟಿಸಿಎಲ್, 2002ರಲ್ಲಿ ಮೆಸ್ಕಾಂ, 2005ರಲ್ಲಿ ಸೆಸ್ಕ್ ಆದರು. ಬೋರ್ಡು ನಾಲ್ಕು, ಕುರ್ಚಿ ಒಂದೇ ಅಂತ ಅವರೇ ನಗ್ತಿದ್ದರು. ರೀಡಿಂಗ್ ಪುಸ್ತಕದಲ್ಲಿ ಒಂದು ಯೂನಿಟ್ ಹೆಚ್ಚುಕಮ್ಮಿಯಾದರೆ ಊಟ ಸೇರ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ "ನಮ್ಮ ಹುಡುಗ ಹತ್ತು ಸೆಕೆಂಡಿಗೆ ನೂರು ಮೀಟರ್ ಓಡ್ತಾನೆ" ಅಂದರೆ, "ಯಾರು ಹಿಡಿದ್ರು ವಾಚು?" ಅಂತ ಕೇಳೋರು. ಅಂಥವರ ಕಾರ್ಡಿನಲ್ಲಿ ಸುಳ್ಳು ಹಾಕಿಸೋದಾ? ಆಗಲ್ಲ ಅಂದೆ. ಚಿಕ್ಕಪ್ಪ ಸ್ವಲ್ಪ ಮುಖ ಊದಿಸಿಕೊಂಡರು.

ಅಟ್ಟದ ಮೇಲಿನ ಟ್ರಂಕು ಇಳಿಸಿದೆವು. ನುಸಿಗುಳಿಗೆ ವಾಸನೆ, ಅಮ್ಮನ ಒಂದು ಹಳೇ ಸೀರೆ, ನಮ್ಮಿಬ್ಬರ ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗಿನ ಮಾರ್ಕ್ಸ್ ಕಾರ್ಡು ವರ್ಷದ ಪ್ರಕಾರ ಜೋಡಿಸಿದ್ದು, ನನ್ನ ಮೊದಲ ಕನ್ನಡಕದ ಚೀಟಿ, ತಮ್ಮನಿಗೆ ಹಾಕಿಸಿದ ಪೋಲಿಯೋ ಲಸಿಕೆ ಕಾರ್ಡು. ಅವರದ್ದು ಅಂತ ಇದ್ದದ್ದು ಎಲ್ಲಕ್ಕಿಂತ ಕೆಳಗೆ, ಕೆಇಬಿಯ ಕಂದು ಬಣ್ಣದ ಒಂದು ಫೈಲು. ದಾರ ಬಿಚ್ಚಿದರೆ ಎಸ್‌ಎಸ್‌ಎಲ್‌ಸಿ, ಡಿಗ್ರಿ, ಪೆನ್ಷನ್ ಆರ್ಡರು, ಕೊನೆಗೆ ಮೂಲೆ ತಿಂದುಹೋದ ಒಂದು ಸರ್ಟಿಫಿಕೇಟು. ಅಂತರ ಕಾಲೇಜು ಅಥ್ಲೆಟಿಕ್ಸ್, ಮೈಸೂರು, 1977. 800 ಮೀಟರ್ಸ್. ಸೆಕೆಂಡ್. ಸಹಿ ಮಾಡಿದವರ ಹೆಸರಿನ ಅರ್ಧ ಗೆದ್ದಲಿಗೆ ಹೋಗಿತ್ತು. ಟೈಮ್ ಬರೆಯೋಕೆ ಜಾಗವೇ ಇರಲಿಲ್ಲ.

ಹಿಂದೆ ಒಂದು ಗ್ರೂಪ್ ಫೋಟೋ. ಮುಂದೆ ಕುರ್ಚಿಯಲ್ಲಿ ಪ್ರಿನ್ಸಿಪಾಲರು, ಪಿಟಿ ಮೇಷ್ಟ್ರು. ಹಿಂದೆ ನಿಂತ ಹುಡುಗರಲ್ಲಿ ಎಡಗಡೆಯಿಂದ ಮೂರನೆಯವರು ಅಪ್ಪ. ಮೊಣಕಾಲು ಎರಡು ತೆಂಗಿನಕಾಯಿ ಚಿಪ್ಪಿನ ಹಾಗೆ, ಉಳಿದಿದ್ದು ಬರೀ ಮೂಳೆ. ಇಪ್ಪತ್ತು ವರ್ಷದ ಹುಡುಗ. ತಮ್ಮನ ಮಗನಿಗೆ ನಾಲ್ಕು ವರ್ಷ, ಅವನು ಇಣುಕಿ ನೋಡಿ "ತಾತ ಯಾಕೆ ಚಡ್ಡಿ ಹಾಕ್ಕೊಂಡಿದಾನೆ" ಅಂದ.

ಎಂಟುನೂರು ಅಂದರೆ ನಾನೂರು ಮೀಟರಿನ ಟ್ರ್ಯಾಕಿನಲ್ಲಿ ಎರಡು ಸುತ್ತು. ನೂರು ಮೀಟರಿನ ಹಾಗೆ ಕಣ್ಣು ಮುಚ್ಚಿ ಓಡೋಕೂ ಆಗಲ್ಲ, ಐದು ಸಾವಿರದ ಹಾಗೆ ಉಸಿರು ಉಳಿಸಿಕೊಂಡು ಹೋಗೋಕೂ ಆಗಲ್ಲ. ಅಪ್ಪ ಇದನ್ನು ಒಂದೇ ಮಾತಿನಲ್ಲಿ ಹೇಳ್ತಿದ್ದರು. ಮೊದಲನೇ ಸುತ್ತು ಸಾಲ, ಎರಡನೇ ಸುತ್ತಿನಲ್ಲಿ ಬಡ್ಡಿ ಸಮೇತ ತೀರಿಸಬೇಕು. ನಮ್ಮ ಮನೆಯಲ್ಲಿ ಈ ಮಾತು ಯಾವುದಕ್ಕೆ ಬೇಕಾದರೂ ಬರ್ತಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆವರೆಗೆ ಓದಿದರೆ ಸಾಲ. ತಮ್ಮ ಮದುವೆ ಮನೆಯಲ್ಲಿ ಮೊದಲನೇ ಪಂಕ್ತಿಯಲ್ಲೇ ಹೋಳಿಗೆ ಬಾರಿಸಿ ಹೊಟ್ಟೆ ಹಿಡ್ಕೊಂಡು ಕೂತರೆ ಸಾಲ. 2003ರಲ್ಲಿ ನನ್ನ ಸಿಇಟಿ. ಅಪ್ಪ ಎರಡು ದಿನ ರಜೆ ಹಾಕಿ, ಪರೀಕ್ಷೆ ಸೆಂಟರಿನ ಹೊರಗೆ ಕಾಂಪೌಂಡ್ ಮೇಲೆ ಕೂತಿದ್ದರು. ಪಕ್ಕದಲ್ಲಿ ಮೊಸರನ್ನದ ಡಬ್ಬಿ. ಮಧ್ಯಾಹ್ನ ಹೊರಗೆ ಬಂದಾಗ ಬೇರೆ ಅಪ್ಪಂದಿರೆಲ್ಲ "ಎಷ್ಟು ಬರುತ್ತೆ" ಅಂತ ಕೇಳ್ತಾ ಇದ್ದರೆ ಇವರು ಕೇಳಿದ್ದು, "ಬೆಳಗ್ಗೇನೇ ಎಲ್ಲಾ ಖರ್ಚು ಮಾಡ್ಬಿಟ್ಯಾ, ಸ್ವಲ್ಪ ಉಳಿಸಿದ್ದೀಯಾ?"

ಹೇಳಬೇಕು ಅಂದರೆ ನನಗೆ ಓಟ ಒಲಿಯಲೇ ಇಲ್ಲ. ಏಳನೇ ಕ್ಲಾಸಿನ ಸ್ಪೋರ್ಟ್ಸ್ ಡೇಯಲ್ಲಿ ಕೊನೆಗೆ ಬಂದೆ. ಅಪ್ಪ ಆಫೀಸಿನಿಂದ ಪರ್ಮಿಷನ್ ಹಾಕಿ ಬಂದಿದ್ದರು. ಇವರು ಪರವಾಗಿಲ್ಲ ಮಗಾ ಅಂತಾರೆ, ಅಳೋಣ ಅಂತ ನಾನು ಕಾದರೆ, "ಎರಡನೇ ತಿರುವಿನಲ್ಲಿ ಯಾಕೆ ಹಿಂದೆ ತಿರುಗಿ ನೋಡಿದೆ? ಹಿಂದೆ ಯಾರೂ ಇರ್ಲಿಲ್ವಲ್ಲ" ಅಂದರು. ಆಮೇಲೆ ಇಬ್ಬರೂ ಬೇಕರಿಗೆ ಹೋಗಿ ಜಾಮ್ ರೋಲ್ ತಿಂದೆವು. ಮತ್ತೆ ಯಾವತ್ತೂ ಓಡು ಅಂತ ಹೇಳಲಿಲ್ಲ. ಬೆಳಗಿನ ಜಾವ ಐದಕ್ಕೆ ಟ್ಯೂಷನ್ನಿಗೆ ಬಿಡೋಕೆ ಸೈಕಲ್ ತುಳೀತಿದ್ದರು. ಏರಿನಲ್ಲಿ ನಾನು ಇಳಿದು ನಡೆದರೆ ಅವರೂ ಇಳಿದು ಸೈಕಲ್ ತಳ್ಳಿಕೊಂಡು ಪಕ್ಕದಲ್ಲಿ ಬರೋರು, ಚಳಿಯಲ್ಲಿ ಮಂಕಿ ಕ್ಯಾಪ್ ಹಾಕ್ಕೊಂಡು. ಆಗ ಹೇಳಿದ ಕಥೆಗಳೇ ನನಗೆ ನೆನಪಿರೋದು. ಅವರ ಕಥೆ ಅಲ್ಲ, ಶ್ರೀರಾಮ್ ಸಿಂಗ್ ಕಥೆ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್. ನಮ್ಮ ಹಾಕಿ ತಂಡ ಮೊದಲ ಸಲ ಪದಕವಿಲ್ಲದೆ ಏಳನೇ ಸ್ಥಾನಕ್ಕೆ ಬಂತು, ದೇಶವೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿತ್ತು. ಅದೇ ಒಲಿಂಪಿಕ್ಸಿನಲ್ಲಿ ಎಂಟುನೂರರ ಫೈನಲ್ಲಿನಲ್ಲಿ ರಾಜಸ್ಥಾನದ ಶ್ರೀರಾಮ್ ಸಿಂಗ್ ಮೊದಲನೇ ಸುತ್ತು ಮುಗಿಸಿದಾಗ ಎಲ್ಲರಿಗಿಂತ ಮುಂದೆ ಇದ್ದರು. ಕ್ಯೂಬಾದ ಹ್ವಾಂಟೊರೆನಾ ಹಿಂದೆ. ಕೊನೆಗೆ ಹ್ವಾಂಟೊರೆನಾ 1 ನಿಮಿಷ 43.50 ಸೆಕೆಂಡಿನಲ್ಲಿ ವಿಶ್ವದಾಖಲೆ ಮಾಡಿ ಗೆದ್ದರು, ಶ್ರೀರಾಮ್ ಏಳನೆಯವರಾದರು, 1 ನಿಮಿಷ 45.77. "ಆ ವರ್ಷ ಎರಡು ಏಳು ಬಂತು ಕಣವ್ವ. ಒಂದು ಏಳಕ್ಕೆ ಎಲ್ಲರೂ ಅತ್ತರು. ಇನ್ನೊಂದು ಏಳನ್ನ ಯಾರೂ ನೋಡ್ಲಿಲ್ಲ" ಅಂತ ಅಪ್ಪ ಪ್ರತಿ ಸಲ ಹೇಳೋರು. ಆ ಟೈಮನ್ನು ಮುರಿಯೋಕೆ ನಮ್ಮ ದೇಶದಲ್ಲಿ ಇನ್ನೊಬ್ಬ ಬರಬೇಕಾದರೆ 2018 ಆಯಿತು. ಕೇರಳದ ಜಿನ್ಸನ್ ಜಾನ್ಸನ್, ಗುವಾಹಟಿಯಲ್ಲಿ, 1 ನಿಮಿಷ 45.65. ನಲವತ್ತೆರಡು ವರ್ಷಕ್ಕೆ ಬರೀ ಒಂದು ಸೆಕೆಂಡಿನ ನೂರರಲ್ಲಿ ಹನ್ನೆರಡು ಭಾಗ! ಅಪ್ಪ ಆಗ ರಿಟೈರ್ ಆಗಿ ಒಂದು ವರ್ಷ. ಪೇಪರ್ ಹಿಡ್ಕೊಂಡು ನನಗೆ ಬೆಂಗಳೂರಿಗೆ ಫೋನ್ ಮಾಡಿ ಪೂರ್ತಿ ಓದಿ ಹೇಳಿದರು. ನಾನು ಮೀಟಿಂಗಿನಲ್ಲಿದ್ದೆ, ಹೂಂ ಹೂಂ ಅಂತಿದ್ದೆ.

ಮುಂದಿನ ವರ್ಷ ಪಾರ್ಕಿನ್ಸನ್ ಅಂತ ಗೊತ್ತಾಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಮನೆಯಲ್ಲಿ ಇಂಥವರು ಇರೋರಿಗೆ ಉಪಯೋಗ ಆಗಬಹುದು. ಕಂಪವಾತ ಅಂತ ಹೆಸರು ಕೇಳಿ ನಾವು ಬರೀ ಕೈ ನಡುಗೋದು ಅಂದ್ಕೊಂಡಿದ್ದೆವು. ಅಪ್ಪನಿಗೆ ನಡುಕ ಅಷ್ಟಿರಲಿಲ್ಲ. ಕಾಲು ನೆಲಕ್ಕೆ ಅಂಟಿಕೊಳ್ಳೋದು. ನಡೆದು ಬರ್ತಾ ಬರ್ತಾ ಬಾಗಿಲ ಹತ್ತಿರ ಬಂದ ತಕ್ಷಣ ನಿಂತುಬಿಡೋರು. ಮೈ ಮುಂದೆ ಹೋಗೋಕೆ ನೋಡುತ್ತೆ, ಪಾದ ಮಾತ್ರ ಅಲ್ಲೇ ಗುಡುಗುಡು ಅನ್ನುತ್ತೆ, ಏಳಲ್ಲ. ನಾವು ಮಾಡ್ತಿದ್ದ ತಪ್ಪು ಏನಂದ್ರೆ ಕೈ ಹಿಡಿದು ಎಳೀತಿದ್ದೆವು. ಎಳೆದರೆ ಬೀಳ್ತಾರೆ. ಒಂದು ಸಲ ಬಿದ್ದು ಹಣೆಗೆ ಹೊಲಿಗೆ ಬಿತ್ತು.

ಫಿಸಿಯೋ ಮಾಡ್ತಿದ್ದ ಹುಡುಗಿ ಒಂದು ಉಪಾಯ ಹೇಳಿದಳು. ನೆಲದ ಮೇಲೆ ಅಡ್ಡಡ್ಡ ಗೆರೆ ಹಾಕಿ, ಒಂದೊಂದು ಹೆಜ್ಜೆಗೆ ಒಂದು. ತಾನೇ ತಾನಾಗಿ ನಡೆಯೋ ದಾರಿ ಮೆದುಳಿನಲ್ಲಿ ಕೆಟ್ಟಿದೆ, ಆದರೆ ಕಣ್ಣೆದುರು ದಾಟೋಕೆ ಒಂದು ಗುರುತು ಇದ್ದರೆ ಮೆದುಳು ಬೇರೆ ದಾರಿ ಹಿಡಿದು ಕಾಲನ್ನು ಎತ್ತುತ್ತೆ ಅಂದಳು. ನನಗೆ ನಂಬಿಕೆ ಬರಲಿಲ್ಲ. ನಮ್ಮದು ರೆಡ್ ಆಕ್ಸೈಡ್ ನೆಲ. ಮನೆಯಲ್ಲಿ ಟೇಪಿಗೆ ಬರವೇ, ಕೆಇಬಿ ಮನೆ! ಹಳದಿ ಇನ್ಸುಲೇಷನ್ ಟೇಪು ಒಂದು ಸುರುಳಿ ತೆಗೆದು ಮಂಚದಿಂದ ಬಚ್ಚಲ ಮನೆವರೆಗೆ ಹದಿನಾಲ್ಕು ಗೆರೆ ಹಾಕಿದೆ. ಅಪ್ಪ ಮಂಚದ ಮೇಲೆ ಕೂತು, ಸುಣ್ಣದ ಗೆರೆ ಹಾಕೋ ಮಾರ್ಕರನ್ನ ನೋಡೋ ಹಾಗೆ ನೋಡಿದರು. "ಮೂರನೇದು ಸೊಟ್ಟ ಇದೆ" ಅಂದರು.

ಆಮೇಲೆ ಎದ್ದು ನಿಂತರು. ಬಾಗಿಲ ಹತ್ತಿರ ಬಂದಾಗ ಮಾಮೂಲಿನ ಹಾಗೆ ಅಂಟಿಕೊಂಡರು. ನಾನು ಸುಮ್ನೆ ತಮಾಷೆಗೆ, ಸ್ಕೂಲಲ್ಲಿ ಹೇಳೋ ಹಾಗೆ, "ಆನ್ ಯುವರ್ ಮಾರ್ಕ್ಸ್, ಗೆಟ್ ಸೆಟ್..." ಅಂದೆ. ಅಪ್ಪ ಹಾಗೇ ನಿಂತು ತಲೆ ಎತ್ತಿ, "ಎಂಟುನೂರಕ್ಕೆ ಸೆಟ್ ಇಲ್ಲ ಕಣವ್ವ" ಅಂದರು. ಸೆಟ್ ಅನ್ನೋದು ನಾನೂರರವರೆಗೆ ಮಾತ್ರವಂತೆ, ಬಗ್ಗಿ ಕೂತು ಓಡೋ ಓಟಕ್ಕೆ. ಎಂಟುನೂರಕ್ಕೆ ನಿಂತೇ ಶುರು. ಆನ್ ಯುವರ್ ಮಾರ್ಕ್ಸ್, ಆಮೇಲೆ ನೇರ ಪಿಸ್ತೂಲು. ಸರಿ, ಹಾಗೇ ಹೇಳಿದೆ. "ಆನ್ ಯುವರ್ ಮಾರ್ಕ್ಸ್" ಅಂದು ಒಂದು ಚಪ್ಪಾಳೆ ಹೊಡೆದೆ. ಬಲಗಾಲು ಎದ್ದಿತು. ಹಳದಿ ಗೆರೆ ದಾಟಿತು. ಇನ್ನೊಂದು ದಾಟಿತು. ಬಚ್ಚಲವರೆಗೆ ಹೋದರು. ಅಮ್ಮ ಅಡುಗೆ ಮನೆಯಿಂದ ಚಪ್ಪಾಳೆ ಸದ್ದು ಕೇಳಿ, ಏನಾಯ್ತು ಅಂತ ಸೌಟು ಹಿಡ್ಕೊಂಡು ಓಡಿ ಬಂದರು.

ಎಲ್ಲಾ ದಿನ ಕೆಲಸ ಮಾಡ್ತು ಅಂತ ಹೇಳಲ್ಲ. ಮಾತ್ರೆಯ ಪ್ರಭಾವ ಇಳಿದ ಹೊತ್ತಿನಲ್ಲಿ ಗೆರೆಯೂ ಇಲ್ಲ, ಚಪ್ಪಾಳೆಯೂ ಇಲ್ಲ. ಆ ಮಾತ್ರೆಯ ಲೆಕ್ಕವನ್ನೂ ಅಪ್ಪ ಬಿಡಲಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ತಗೋಬೇಕು, ಮೊಟ್ಟೆ, ಬೇಳೆ ಜೊತೆಯಾದರೆ ಕೆಲವರಿಗೆ ಸರಿಯಾಗಿ ಹಿಡಿಯಲ್ಲ ಅಂತ ಡಾಕ್ಟರು ಹೇಳಿದ್ದೇ ತಡ, ಬೀರುವಿನಿಂದ ಕಪ್ಪು ದಾರದ ಸ್ಟಾಪ್‌ವಾಚ್ ಹೊರಗೆ ಬಂತು. ನಮ್ಮ ಚಿಕ್ಕಂದಿನಲ್ಲಿ ಬೀದಿ ಹುಡುಗರ ಓಟಕ್ಕೆ ಹಿಡೀತಿದ್ದದ್ದು. ಮಾತ್ರೆ ನುಂಗಿ ಒತ್ತೋರು, ಕಾಲು ಸಡಿಲ ಆದಾಗ ಮತ್ತೆ ಒತ್ತೋರು, ಪುಸ್ತಕದಲ್ಲಿ ಬರೆಯೋರು. "8.00 ಮಾತ್ರೆ. 8.42 ಕಾಲು ಬಂತು." "1.00 ಮಾತ್ರೆ. 1.55 ಕಾಲು ಬಂತು. ಬೆಳಿಗ್ಗೆ ಮೊಟ್ಟೆ ತಿಂದಿದ್ದೆ, ನನ್ನದೇ ತಪ್ಪು." ಪ್ರತಿ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಪುಸ್ತಕ ಒಯ್ಯೋರು. ಡಾಕ್ಟರಿಗೆ ಅದು ಬಹಳ ಉಪಯೋಗ ಆಯಿತಂತೆ, ಡೋಸ್ ಹೊಂದಿಸೋಕೆ.

ಟ್ರಂಕು ಹುಡುಕಿದ ರಾತ್ರಿ ಆ ಪುಸ್ತಕವನ್ನೂ ತೆಗೆದೆ. ಮೊದಲ ಪುಟಗಳಲ್ಲಿ ಅಕ್ಷರ ದುಂಡಗೆ, ಕೆಇಬಿ ಲೆಡ್ಜರಿನ ಅಕ್ಷರ. ಹತ್ತು ಪುಟ ದಾಟಿದರೆ ಸಾಸಿವೆ. ಇಪ್ಪತ್ತು ದಾಟಿದರೆ ಇರುವೆ ಸಾಲು. ಈ ಕಾಯಿಲೆಯಲ್ಲಿ ಕೈಬರಹ ಚಿಕ್ಕದಾಗ್ತಾ ಹೋಗುತ್ತೆ. ಅದು ಗೊತ್ತಿತ್ತು, ಆದರೆ ಒಂದೇ ಸಲಕ್ಕೆ ಪುಟ ತಿರುವಿ ನೋಡಿರಲಿಲ್ಲ. ಕೊನೆಯ ಪುಟದಲ್ಲಿ ಬರೀ ಅಂಕಿ ಇತ್ತು, ಅಕ್ಷರ ಇರಲಿಲ್ಲ. ಮಾತ್ರೆ ತಗೊಂಡ ಹೊತ್ತು ಇದೆ. ಕಾಲು ಬಂದ ಹೊತ್ತು ಇಲ್ಲ. ಪುಸ್ತಕ ಮುಚ್ಚಿ ಹೊರಗೆ ಹೋಗಿ ನಿಂತೆ ಸ್ವಲ್ಪ ಹೊತ್ತು.

ಅಪ್ಪನ ಫೋನ್ ಡೈರಿಯಲ್ಲಿ ಒಂದು ಹೆಸರಿನ ಮುಂದೆ "ರಿಲೇ" ಅಂತ ಬರೆದಿತ್ತು. ಹೊಳೆನರಸೀಪುರದ ಕಡೆಯವರು, ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರಾಗಿ ರಿಟೈರ್ ಆದವರು. ಬೆಳಿಗ್ಗೆ ಎದ್ದು ಫೋನ್ ಮಾಡಿದೆ. ವಿಷಯ ಹೇಳಿದರೆ ಆ ಕಡೆ ಬಹಳ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯಿತೇನೋ ಅಂದ್ಕೊಂಡೆ. ಆಮೇಲೆ, "ಒಂದು ಮಾತು ಮೊದಲೇ ಹೇಳ್ಬಾರ್ದೇನಮ್ಮ, ಮಣ್ಣಿಗಾದ್ರೂ ಬರ್ತಿದ್ದೆ" ಅಂದರು. ಆ ಮಾತು ಇನ್ನೂ ಚುಚ್ಚುತ್ತೆ. ಸಾವಿನ ಮನೆಯ ಗಡಿಬಿಡಿಯಲ್ಲಿ ನಾವು ನೆಂಟರಿಗೆ ಹೇಳ್ತೀವಿ, ಆಫೀಸಿನವರಿಗೆ ಹೇಳ್ತೀವಿ, ಸತ್ತವರ ಸ್ನೇಹಿತರ ಪಟ್ಟಿ ಮಾಡೋರು ಯಾರೂ ಇರಲ್ಲ.

ಆಮೇಲೆ ಮೇಷ್ಟ್ರು ಮಾತಾಡಿದರು, ಒಂದು ಗಂಟೆ. ಹಾಸನದಿಂದ ಮೈಸೂರಿಗೆ ಆಗ ಮೀಟರ್ ಗೇಜ್ ರೈಲು. ಕಿಟಕಿ ಪಕ್ಕ ಕೂತರೆ ಕಣ್ಣಿಗೆ ಇಂಜಿನ್ನಿನ ಕಿಡಿ ಬೀಳೋದು, ನಾಳೆ ಓಡೋನು ಕಿಟಕಿ ಪಕ್ಕ ಕೂರಬಾರದು ಅಂತ ಕಾಲೇಜಿನ ಪಿಟಿ ಮೇಷ್ಟ್ರ ಅಪ್ಪಣೆ. ಇಡೀ ಕಾಲೇಜಿಗೆ ಎರಡು ಜೊತೆ ಸ್ಪೈಕ್ ಶೂ, ಎರಡೂ ಎಂಟನೇ ನಂಬರು. ಅಪ್ಪನ ಕಾಲು ಏಳು. ಮುಂದೆ ಹತ್ತಿ ತುರುಕಿಕೊಂಡು ಓಡಿದ್ದು. ಓವಲ್ ಮೈದಾನದಲ್ಲಿ ಹುಲ್ಲಿನ ಟ್ರ್ಯಾಕು, ಸುಣ್ಣದ ಗೆರೆ, ಬೆಳಗಿನ ಇಬ್ಬನಿಗೆ ಗೆರೆಯೆಲ್ಲ ಶೂಗೆ ಅಂಟಿಕೊಳ್ಳೋದು.

"ನಿಮ್ಮಪ್ಪನಿಗೆ ಶ್ರೀರಾಮ್ ಸಿಂಗ್ ಹುಚ್ಚು. ಹಿಂದಿನ ವರ್ಷ ತಾನೇ ಮಾಂಟ್ರಿಯಲ್ ಆಗಿತ್ತಲ್ಲ, ನಾನೂ ಮುಂದೇನೇ ಓಡ್ತೀನಿ ಅಂತ ಕೂತಿದ್ದ. ಬೇಡ ಕಣೋ, ಮೈಸೂರಿನ ಹುಡುಗನ ಹಿಂದೆ ಇರು, ಕೊನೇ ಇನ್ನೂರಕ್ಕೆ ನೋಡ್ಕೋ ಅಂದ್ವಿ. ಕೇಳ್ಲಿಲ್ಲ. ನಾನು ಫಿನಿಷ್ ಹತ್ರ ವಾಚ್ ಹಿಡ್ಕೊಂಡು ನಿಂತಿದ್ದೆ. ಮೊದಲನೇ ಸುತ್ತಿಗೆ ಐವತ್ತಾರು! ಖುಷಿ ತಡೀಲಾರದೆ ಐವತ್ತಾರು ಕಣೋ ಅಂತ ಕೂಗ್ಬಿಟ್ಟೆ. ನನ್ನ ಕಡೆ ತಿರುಗಿ ನಕ್ಕ. ನಗಬಾರದಿತ್ತು. ಅಲ್ಲಿಂದ ಇನ್ನೂರು ಮೀಟರ್ ಚೆನ್ನಾಗೇ ಹೋದ, ಕೊನೇ ತಿರುವಿನಲ್ಲಿ ಕಾಲು ಹಿಡ್ಕೊಳ್ತು. ಆ ಮೈಸೂರಿನ ಹುಡುಗ ಹೊರಗಡೆಯಿಂದ ಬಂದು ದಾಟ್ದ. ಇವನು ಸೆಕೆಂಡು."

ಸಾಲ, ಬಡ್ಡಿ! ಆ ಮಾತು ಎಲ್ಲಿಂದ ಬಂತು ಅಂತ ನನಗೆ ತಿಳಿದಿದ್ದು ಆಗ. ಏಳನೇ ಕ್ಲಾಸಿನ ನನ್ನ ಓಟದಲ್ಲಿ ಹಿಂದೆ ಯಾಕೆ ತಿರುಗಿ ನೋಡಿದೆ ಅಂತ ಅವರು ಕೇಳಿದ್ದೂ.

"ಟೈಮ್ ಎಷ್ಟು ಮೇಷ್ಟ್ರೇ?" ಅಂತ ಕೇಳಿದೆ.

"ನನ್ನ ವಾಚಿನಲ್ಲಿ ಒಂದು ಐವತ್ತೊಂಬತ್ತು. ಆದ್ರೆ ಅದು ಕೈ ವಾಚು ಕಣಮ್ಮ, ಅದೂ ಸ್ನೇಹಿತನ ಕೈ. ಬರೀಬೇಡ."

ರಿಲೇ ವಿಷಯವೂ ಹೇಳಿದರು. ಅದೇ ಕೂಟದಲ್ಲಿ 4×400ರಲ್ಲಿ ಇವರ ತಂಡ ಮೂರನೇ ಸ್ಥಾನ. ಯಾರ ನಂತರ ಯಾರು ಓಡಿದರು, ಯಾರು ಬೇಟನ್ ಬೀಳಿಸೋ ಹಾಗೆ ಮಾಡಿದರು, ಎಲ್ಲಾ ಒಂದೇ ಉಸಿರಿಗೆ. ನಾನು ಕರೆಂಟ್ ಬಿಲ್ಲಿನ ಹಿಂದೆ ಗೀಚಿಕೊಂಡೆ. ಕೊನೆಯಲ್ಲಿ ಮೆಲ್ಲಗೆ ಒಂದು ಮಾತು ಹೇಳಿದರು. ಆ ಓಟ ಆದ ಮೇಲೆ ಯೂನಿವರ್ಸಿಟಿ ತಂಡದ ಕ್ಯಾಂಪಿಗೆ ಅಪ್ಪನಿಗೆ ಕರೆ ಬಂದಿತ್ತಂತೆ. ಅದೇ ತಿಂಗಳು ಮನೆಯಲ್ಲಿ ತಂಗಿಯ ಮದುವೆ, ತಾತನಿಗೆ ಹುಷಾರಿಲ್ಲ, ಹೊಲದಲ್ಲಿ ಆಲೂಗೆಡ್ಡೆ ಕೀಳೋ ಹೊತ್ತು. "ಎರಡು ದಿನ ಬಿಟ್ಟು ಬರ್ತೀನಿ ಅಂದ. ಬರಲೇ ಇಲ್ಲ." ನಾನು ಬಿಲ್ಲಿನ ಮೇಲೆ ಅದನ್ನು ಬರೆದುಕೊಳ್ಳಲಿಲ್ಲ. ಆ ತಂಗಿ, ನಮ್ಮತ್ತೆ, ಆ ಹೊತ್ತಿನಲ್ಲಿ ಒಳಗೆ ಅಮ್ಮನ ಪಕ್ಕ ಕೂತು ಅಪ್ಪನ ಶರಟು ಮಡಚುತ್ತಿದ್ದರು. ಅವರಿಗೆ ಇವತ್ತಿಗೂ ನಾನು ಹೇಳಿಲ್ಲ.

ಮತ್ತೆ ಪ್ರೆಸ್ಸಿಗೆ ಹೋದೆ. ಎರಡು ಲೈನ್ ಜಾಗಕ್ಕೆ ಮೂರು ಲೈನ್ ಆಯಿತು, ಹುಡುಗ ದೀಪದ ಚಿತ್ರ ಸಣ್ಣ ಮಾಡಿ ಹೊಂದಿಸಿದ. "1977ರ ಅಂತರ ಕಾಲೇಜು ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ದ್ವಿತೀಯ ಸ್ಥಾನ. 4×400 ರಿಲೇ ತಂಡದಲ್ಲಿ ಎರಡನೇ ಓಟಗಾರ, ತೃತೀಯ ಸ್ಥಾನ. ಮೂವತ್ತೇಳು ವರ್ಷ ವಿದ್ಯುತ್ ಇಲಾಖೆಯಲ್ಲಿ ಸೇವೆ." ಇಷ್ಟೇ. ವಿದ್ಯುತ್ ಇಲಾಖೆ ಅನ್ನೋದು ಸರಿಯಲ್ಲ, ಮಂಡಳಿ, ಆಮೇಲೆ ನಿಗಮ ಅಂತ ಅಪ್ಪ ಇದ್ದಿದ್ದರೆ ಹೇಳೋರು, ಆದರೆ ಜಾಗ ಇರಲಿಲ್ಲ. ಚಿಕ್ಕಪ್ಪ ಓದಿ, "ದ್ವಿತೀಯ ಅಂತ ಬೇರೆ ಹಾಕಿಸ್ಬೇಕಿತ್ತಾ" ಅಂದರು. ಬನಿಯನ್ ಬಗ್ಗೆ ಏನೂ ಅನ್ನಲಿಲ್ಲ. ಅದಕ್ಕೆ ಅತ್ತೆ ಅಂದರು, ಅಮ್ಮ ಅಂದರು, ಬಂದ ನೆಂಟರೆಲ್ಲ ಅಂದರು.

ಮಿಕ್ಕ ಕೆಲಸಗಳ ಬಗ್ಗೆ ಹೆಚ್ಚು ಹೇಳೋಕೇನಿಲ್ಲ. ಅಪ್ಪ ಮನೆಯಲ್ಲೇ ಹೋಗಿದ್ದರಿಂದ ಮರಣ ನೋಂದಣಿಗೆ ನಾವೇ ಓಡಾಡಬೇಕಿತ್ತು. 21 ದಿನದೊಳಗೆ ಮಾಡಿಸಿದರೆ ತಲೆನೋವು ಕಮ್ಮಿ, ಅದನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು ಇದ್ದರೆ ಅಮ್ಮಂದಿರ ಪೆನ್ಷನ್ನಿಗೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತೆ. ನಾವು ಅಲೆದೆವು. ಊರಿನ ಜಮೀನಿಗೆ ವಂಶವೃಕ್ಷ, ಪೌತಿ ಖಾತೆ ಅಂತ ತಮ್ಮ ಇನ್ನೂ ನಾಡಕಚೇರಿಗೆ ಹೋಗಿ ಬರ್ತಾ ಇದ್ದಾನೆ.

ತಿಥಿ ದಿನ ಮೇಷ್ಟ್ರು ಬಂದರು. ಬಿಳಿ ಪ್ಯಾಂಟು, ಕ್ಯಾನ್ವಾಸ್ ಶೂ, ಕೈಯಲ್ಲಿ ಹಾರ. ಫೋಟೋಗೆ ಹಾರ ಹಾಕಿ ಅಟೆನ್ಷನ್‌ನಲ್ಲಿ ನಿಂತರು, ಸೆಲ್ಯೂಟ್ ಹೊಡೀತಾರೇನೋ ಅಂದ್ಕೊಂಡೆ, ಹೊಡೀಲಿಲ್ಲ. ಒಳಗೆ ಬರುವಾಗ ನೆಲದ ಹಳದಿ ಟೇಪು ನೋಡಿ ನಿಂತರು. ಏನಿದು ಅಂತ ಕೇಳಿದರು. ಹೇಳಿದೆ. ಸೆಟ್ ಇಲ್ಲ ಅಂದಿದ್ದನ್ನೂ ಹೇಳಿದೆ. ಅವರು ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು, ಆಮೇಲೆ ಒಂದೊಂದೇ ಗೆರೆ ದಾಟಿಕೊಂಡು, ಯಾವುದನ್ನೂ ತುಳಿಯದೆ, ಊಟದ ಪಂಕ್ತಿಗೆ ಹೋದರು.

ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಅವರದ್ದೇ ಫೋನು.

"ಕಾರ್ಡಿನಲ್ಲಿ ಒಂದು ತಪ್ಪಿದೆ ಕಣಮ್ಮ. ನಿನ್ನೆ ಹೇಳ್ಬಾರ್ದು ಅಂತ ಸುಮ್ನಿದ್ದೆ. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ."

"ಏನು ಮೇಷ್ಟ್ರೇ?"

"ರಿಲೇಯಲ್ಲಿ ಅವನು ಎರಡನೇ ಓಟಗಾರ ಅಂತ ಹಾಕಿದ್ದೀಯ. ಅವನು ಮೂರನೇದು ಓಡಿದ್ದು. ಎರಡನೇದು ಓಡಿದ್ದು ನಾನು. ಬೇಟನ್ ಅವನ ಕೈಗೆ ಕೊಟ್ಟಿದ್ದೇ ನಾನು ಕಣಮ್ಮ."

ಕರೆಂಟ್ ಬಿಲ್ ತೆಗೆದು ನೋಡಿದೆ. ಸರಿಯಾಗೇ ಬರೆದುಕೊಂಡಿದ್ದೆ, 3 ಅಂತ. ಪ್ರೆಸ್ಸಿನಲ್ಲಿ ಹೇಳುವಾಗ ನನ್ನದೇ ಬಾಯಿ ತಪ್ಪಿದೆ. ಮೂಲೆಯಲ್ಲಿ ಉಳಿದ ಕಾರ್ಡಿನ ಕಟ್ಟು ಇತ್ತು, ಅರವತ್ತೋ ಎಪ್ಪತ್ತೋ. ಪೆನ್ನು ಹಿಡಿದು ಕೂತು ಎರಡನೇ ಅನ್ನೋದನ್ನು ಹೊಡೆದು ಮೂರನೇ ಅಂತ ತಿದ್ದೋಕೆ ಶುರು ಮಾಡಿದೆ. ಅಮ್ಮ ಕಾಫಿ ತಂದವರು ನೋಡಿ, "ಏನೇ ಇದು, ತಿಥಿ ಕಾರ್ಡು ಮನೇಲಿ ಇಟ್ಕೋಬಾರ್ದು, ಹರಿದು ಹಾಕು. ಯಾರಿಗೆ ಕೊಡ್ತೀಯ ಇನ್ನು?" ಅಂದರು.

ಹನ್ನೊಂದು ಕಾರ್ಡು ತಿದ್ದಿದ್ದೆ. ಹತ್ತನ್ನು ಮಿಕ್ಕ ಕಟ್ಟಿನ ಜೊತೆ ಅಮ್ಮನ ಕೈಗೆ ಕೊಟ್ಟೆ. ಒಂದನ್ನು ಕೆಇಬಿ ಫೈಲಿನಲ್ಲಿ, ಸರ್ಟಿಫಿಕೇಟಿನ ಹಿಂದೆ ಇಟ್ಟು ದಾರ ಕಟ್ಟಿದೆ.